ಮೂರು ವರ್ಷದ ಮಣ್ಣು

ಮದುವೆಯಿಲ್ಲದೆ ಐವತ್ತೊಂದು ವರ್ಷ ಕಳೆದ ಹೆಂಗಸಿಗೆ ಗಂಡಸೊಬ್ಬ, "ಬಾ, ಮೂರು ದಿನ ಅಥೆನ್ಸ್‌ನಲ್ಲಿ ಕೈ ಕೈ ಹಿಡ್ಕೊಂಡು ಸುತ್ತೋಣ" ಅಂದರೆ ಅವಳು ಏನಂದುಕೊಳ್ಳಬೇಕು, ನೀವೇ ಹೇಳಿ. ಆರ್ಗಿರೊ ಕೂಡ ಅದನ್ನೇ ಅಂದುಕೊಂಡಳು. ವೋಲೊಸ್ ಬಂದರಿನ ಹಿಂದಿನ ಬೀದಿಯಲ್ಲಿದ್ದ ತನ್ನ ಹೊಲಿಗೆ ಅಂಗಡಿಯ ಬಾಗಿಲಿಗೆ ರಜೆಯ ಚೀಟಿ ಅಂಟಿಸಿದಳು. ಹಸಿರು ಕೋಟಿನ ಗುಂಡಿಗಳನ್ನು ಬಿಚ್ಚಿ ಹೊಸದಾಗಿ ಹಾಕಿದಳು. ಪಕ್ಕದ ಬೇಕರಿಯ ಹೆಂಗಸು ಸುಮ್ಮನಿರಬೇಕಲ್ಲ. "ಏನೇ ಆರ್ಗಿರೊ, ಅಂತೂ ನಿನ್ನ ಮದುಮಗನಿಗೆ ಮಣ್ಣಡಿ ಇರೋ ಮೊದಲ್ನೇ ಹೆಂಡ್ತಿ ಒಪ್ಪಿಗೆ ಕೊಟ್ಲಾ?" ಎಂದು ಕಿಚಾಯಿಸಿದಳು. ಬೇರೆ ದಿನವಾಗಿದ್ದರೆ ಆರ್ಗಿರೊ ಎರಡು ದಿನ ಅಲ್ಲಿ ಬ್ರೆಡ್ ಕೊಳ್ಳುತ್ತಿರಲಿಲ್ಲ. ಅವತ್ತು ನಕ್ಕುಬಿಟ್ಟಳು.

ಸ್ತಮಾತಿಸ್ ಅಥೆನ್ಸ್‌ನಲ್ಲಿ ಇಪ್ಪತ್ತೇಳು ವರ್ಷ, ಮೇಲಿನ ಕರೆಂಟ್ ತಂತಿಯಿಂದ ಓಡುವ ಟ್ರಾಲಿ ಬಸ್ಸು ಓಡಿಸಿದವನು. ಹೆಂಡತಿ ಅಂಥೂಲಾ ಹೊಟ್ಟೆಯ ಕ್ಯಾನ್ಸರಿನಲ್ಲಿ ಹೋದ ಮೇಲೆ ಮನೆ ಮಾರಿ ವೋಲೊಸ್‌ಗೆ ಬಂದು ತಂಗಿಯ ಮನೆಯ ಮಹಡಿಯಲ್ಲಿ ಇರತೊಡಗಿದ. ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಐದು ಪ್ಯಾಂಟುಗಳನ್ನು ತಂದು ಆರ್ಗಿರೊಳ ಮೇಜಿನ ಮೇಲೆ ಹಾಕಿ, ಎಲ್ಲದರ ಸೊಂಟವನ್ನೂ ಎರಡೆರಡು ಇಂಚು ಒಳಗೆ ತೆಗೆದುಕೊಳ್ಳಿ ಎಂದ. "ನೀವು ಊಟ ಮಾಡ್ತೀರೋ ಇಲ್ವೋ?" ಎಂದು ಇವಳು ಕೇಳಿದಳು. "ಒಬ್ಬನೇ ಕೂತು ಏನ್ ತಿನ್ನೋದು ಬಿಡಿ" ಎಂದ ಅವನು. ಮರುದಿನ ಇವಳು ಬೀನ್ಸ್ ಸಾರು ಮಾಡಿದಾಗ ಅವನಿಗೂ ಒಂದು ಪಾತ್ರೆ ತೆಗೆದಿಟ್ಟಳು. ಶುರುವಾದದ್ದು ಹಾಗೆ. ಅಂಥೂಲಾ ಸತ್ತು ಆಗ ಹತ್ತು ತಿಂಗಳು.

ಮದುವೆಯ ಮಾತು ಬಂದಾಗ ಮಾತ್ರ ಸ್ತಮಾತಿಸ್ ಒಂದೇ ಹಟ ಹಿಡಿದ. "ಅವಳ ಮೂರು ವರ್ಷ ಮುಗೀಲಿ. ಅವಳನ್ನ ಮಣ್ಣಿಂದ ಎತ್ತಿ, ತೊಳೆದು, ಪೆಟ್ಟಿಗೇಲಿ ಇಟ್ಟ ಮೇಲೆ ನಾನು ನಿನ್ನೋನು. ಅಲ್ಲೀವರೆಗೂ ಕೇಳ್ಬೇಡ." ಆರ್ಗಿರೊ ಒಪ್ಪಿದಳು. ನಮ್ಮಲ್ಲಿ ಇದನ್ನು ಒಪ್ಪದವರು ಯಾರು? ಅಥೆನ್ಸ್‌ನಲ್ಲಿ ಸತ್ತವರಿಗೂ ನೆಲ ಬಾಡಿಗೆಗೆ. ಮೂರು ವರ್ಷವಾದ ಮೇಲೆ ಮನೆಯವರ ಎದುರಿಗೆ ಅಗೆದು, ಎಲುಬುಗಳನ್ನು ಕೆಂಪು ವೈನಿನಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿ, ಹೆಸರು ಬರೆದ ಪೆಟ್ಟಿಗೆಯಲ್ಲಿಡುತ್ತಾರೆ. ಎಲುಬು ಶುಭ್ರವಾಗಿ ಸಿಕ್ಕರೆ ಜೀವಕ್ಕೆ ಶಾಂತಿ ಸಿಕ್ಕಿತು ಎಂದು ಲೆಕ್ಕ. ದೇಹ ಕರಗದೆ ಹಾಗೇ ಉಳಿದಿದ್ದರೆ ಜನ ಶಿಲುಬೆಯ ಗುರುತು ಮಾಡಿಕೊಂಡು ಪಿಸುಗುಡುತ್ತಾರೆ, ಯಾರದೋ ಶಾಪವಿದೆ, ಕ್ಷಮೆ ಸಿಗದ ಏನೋ ಉಳಿದಿದೆ ಎಂದು. ಆರ್ಗಿರೊ ತನ್ನ ತಾಯಿಯ ಎಲುಬುಗಳನ್ನು ತಾನೇ ತೊಳೆದಿದ್ದಳು. ಆ ಮಧ್ಯಾಹ್ನದ ನಂತರವೇ ಅವಳಿಗೆ ಅಳು ನಿಂತದ್ದು. ಹಾಗಾಗಿ ಕಾಯುವುದು ಅವಳಿಗೆ ನ್ಯಾಯವೆಂದೇ ತೋರಿತು. ತಿಂಗಳುಗಳನ್ನು ಎಣಿಸಿದಳು.

ಮೂರು ವರ್ಷ ಮುಗಿದದ್ದು ಡಿಸೆಂಬರಿನಲ್ಲಿ. ಜನವರಿಯಲ್ಲಿ ಸ್ತಮಾತಿಸ್ ಒಬ್ಬನೇ ಎರಡು ದಿನ ಅಥೆನ್ಸ್‌ಗೆ ಹೋಗಿ ಬಂದ. ಬಂದವನು ಒಂದು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದ. ಕೆಲಸ ಮುಗಿಯಿತು ಎಂದುಕೊಂಡು ಆರ್ಗಿರೊ ಏನನ್ನೂ ಕೆದಕಲಿಲ್ಲ. ಫೆಬ್ರವರಿ ಕೊನೆಗೆ ಈ ಪ್ರವಾಸದ ಮಾತು ಬಂತು. ಅವಳು ಏನಂದುಕೊಂಡಳು ಎಂಬುದು ಗೊತ್ತಾಯಿತಲ್ಲ.

ಮೊದಲ ದಿನ ಎಂಥಾ ದಿನ! ಮೊನಾಸ್ತಿರಾಕಿ ಚೌಕದ ಹತ್ತಿರ ಲಾಡ್ಜಿನಲ್ಲಿ ಚೀಲ ಎಸೆದು ಹೊರಟವರು ಕತ್ತಲಾಗುವವರೆಗೂ ಕೂರಲಿಲ್ಲ. "ಇಪ್ಪತ್ತೇಳು ವರ್ಷ ಈ ಊರನ್ನ ಕೂತ್ಕೊಂಡೇ ನೋಡಿದೀನಿ. ಈಗ ಕಾಲಲ್ಲಿ ನೋಡ್ಬೇಕು" ಎಂದು ಸ್ತಮಾತಿಸ್ ಅವಳ ಕೈ ಹಿಡಿದು ಎಳೆದುಕೊಂಡು ಹೋದ. ಒಂದು ತಿರುವಿನಲ್ಲಿ ನಿಲ್ಲಿಸಿ, "ಇಲ್ನೋಡು ಕಣ್ಣೇ, ಇಲ್ಲಿ ದಿನಾ ತಂತಿಯಿಂದ ಬಸ್ಸಿನ ಕೋಲು ಕಳಚ್ಕೊಳ್ತಿತ್ತು. ನಾನು ಇಳಿದು ಸಿಕ್ಕಿಸೋವಷ್ಟರಲ್ಲಿ ಹಿಂದಿನೋರು ನಮ್ಮಮ್ಮನನ್ನ ಏಳು ಸಲ ನೆನೆಸ್ಕೊಂಡಿರೋರು" ಎಂದ. ಆರ್ಗಿರೊ ಬೀದಿಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಳ್ಳು ಮೆತ್ತಿದ ಬಳೆ ಬ್ರೆಡ್ಡನ್ನು ಮುರಿದುಕೊಂಡು ತಿನ್ನುತ್ತ ಅಕ್ರೊಪೊಲಿಸ್ ಬಂಡೆಯ ಕೆಳಗಿನ ಸಂದಿಗಳನ್ನು ಹತ್ತಿದರು. ಇಬ್ಬರು ಒಟ್ಟಿಗೆ ಹೋಗಲಾಗದಷ್ಟು ಇಕ್ಕಟ್ಟಾದ ಮೆಟ್ಟಿಲುಗಳಲ್ಲೂ ಅವನು ಕೈ ಬಿಡಲಿಲ್ಲ. ಅಡ್ಡಡ್ಡವಾಗಿ ಹತ್ತಿದರು, ಅಷ್ಟೇ. ಮೇಲೆ ಬಿಳಿ ಗೋಡೆಯ ಮುಂದೆ ಯಾರೋ ಪ್ರವಾಸಿ ಹುಡುಗಿ ಇವರ ಫೋಟೊ ತೆಗೆದುಕೊಟ್ಟು, "ಹನಿಮೂನಾ?" ಎಂದು ಕೇಳಿದಳು. ಸ್ತಮಾತಿಸ್ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ, ನಕ್ಕ. ಆರ್ಗಿರೊಗೆ ಅಷ್ಟು ಸಾಕಾಗಿತ್ತು. ಈ ಮನುಷ್ಯ ಯಾಕೆ ಎಲ್ಲಿಯೂ ಐದು ನಿಮಿಷ ಕೂರುತ್ತಿಲ್ಲ, ಯಾರೋ ಬೆನ್ನಟ್ಟಿದವರ ಹಾಗೆ ಯಾಕೆ ನಡೆಯುತ್ತಿದ್ದಾನೆ ಎಂದು ಅವಳಿಗೆ ಅವತ್ತು ಹೊಳೆಯಲೇ ಇಲ್ಲ.

ಎರಡನೆಯ ದಿನ ಮಾರುಕಟ್ಟೆಯ ಬೀದಿಯಲ್ಲಿ ಮೀನು, ಮಾಂಸ, ಆಲಿವ್ ಅಂಗಡಿಗಳನ್ನು ದಾಟಿ ಸ್ತಮಾತಿಸ್ ಒಂದು ಬಟ್ಟೆ ಅಂಗಡಿಗೆ ನುಗ್ಗಿದ. ಬಿಳಿ ಬಟ್ಟೆಯ ತಾನನ್ನು ಬಿಚ್ಚಿಸಿ, "ನೋಡು ಕಣ್ಣೇ, ಇದು ಶುದ್ಧ ಹತ್ತೀನಾ? ನಿನ್ನ ಕೈಗೆ ಗೊತ್ತಾಗತ್ತೆ" ಎಂದ. ಆರ್ಗಿರೊ ಬೆರಳಲ್ಲಿ ಹೊಸಕಿ ನೋಡಿದಳು. ಅಪ್ಪಟ ಹತ್ತಿ. ಮೇಜುಬಟ್ಟೆ ಹೊಲಿಯೋಕೆ ಎಂದುಕೊಂಡಳು ಪಾಪ, ತಮ್ಮಿಬ್ಬರ ಮೇಜಿಗೆ. ಅಂಚಿಗೆ ಯಾವ ಕಸೂತಿ ಹಾಕಲಿ ಎನ್ನುವವರೆಗೂ ಅವಳ ತಲೆ ಓಡಿತ್ತು. ಅಷ್ಟರಲ್ಲಿ ಅವನು ಪಕ್ಕದ ಅಂಗಡಿಯಿಂದ ಒಂದು ಬಾಟಲಿ ಕೆಂಪು ವೈನ್ ತಂದು, ಮಡಚಿದ ಬಿಳಿ ಬಟ್ಟೆಯ ಜೊತೆ ಅದೇ ಚೀಲಕ್ಕೆ ಹಾಕಿದ.

ಬಿಳಿ ಹತ್ತಿ ಬಟ್ಟೆ. ಕೆಂಪು ವೈನ್. ಆರ್ಗಿರೊ ಚೀಲವನ್ನೂ ಅವನ ಮುಖವನ್ನೂ ನೋಡಿದಳು. ಅವನು ಬೇರೆ ಕಡೆ ನೋಡಿದ.

"ಸ್ತಮಾತಿಸ್, ಆಗಿಲ್ವಾ ಅದು?"

"ನಡಿ, ಮುಂದೆ ಹೋಗಿ ಹೇಳ್ತೀನಿ."

"ಇಲ್ಲೇ ಹೇಳು."

ಅವನು ಹೇಳದೆ ನಡೆದ. ಇವಳು ಹಿಂದೆ ನಡೆದಳು, ಕೈ ಹಿಡಿಯದೆ. ಕೆರಾಮಿಕೊಸ್‌ನ ಹಳೆಯ ಗೋರಿಗಳ ಬೇಲಿಯ ಹತ್ತಿರ ಬಂದಾಗ ಅವನು ಕೊನೆಗೂ ಒಂದು ಕಲ್ಲುಗೋಡೆಯ ಮೇಲೆ ಕೂತ. ಇವಳೂ ಪಕ್ಕದಲ್ಲಿ ಕೂತಳು. ಬೇಲಿಯ ಆಚೆ ಪ್ರವಾಸಿಗರು ಎರಡು ಸಾವಿರ ವರ್ಷದ ಹಿಂದೆ ಸತ್ತವರ ಫೋಟೊ ತೆಗೆಯುತ್ತಿದ್ದರು.

"ಜನವರೀಲಿ ಗೇಟಿನವರೆಗೂ ಹೋಗಿದ್ದೆ" ಎಂದ. "ಒಳಗೆ ಕಾಲಿಡೋಕೆ ಆಗ್ಲಿಲ್ಲ. ಕಾಗದ ಕೊಟ್ಟು ಎರಡು ತಿಂಗಳು ಮುಂದಕ್ಕೆ ಹಾಕಿಸ್ಕೊಂಡು ಬಂದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ. ನಾಳೆ ಮನೆಯವರು ಯಾರೂ ಹೋಗ್ಲಿಲ್ಲ ಅಂದ್ರೆ ಅವಳನ್ನ ಎತ್ತಿ ಎಲ್ಲರ ಜೊತೆ ದೊಡ್ಡ ಗುಂಡಿಗೆ ಹಾಕ್ತಾರೆ."

"ಮತ್ತೆ ನನ್ನನ್ನ ಪ್ರವಾಸ ಅಂತ ಯಾಕೆ ಕರ್ಕೊಂಡು ಬಂದೆ?"

"ಪ್ರವಾಸವೂ ಹೌದಲ್ಲ. ಎರಡು ದಿನ ಸಂತೋಷವಾಗಿ ಓಡಾಡೋಣ, ಆಮೇಲೆ ಧೈರ್ಯ ಬರತ್ತೆ ಅಂದ್ಕೊಂಡೆ. ನನ್ನೊಬ್ಬನ ಕೈಲಿ ಆಗಲ್ಲ ಕಣೇ."

"ನಾಚ್ಕೆ ಆಗಲ್ವಾ ನಿಂಗೆ? ಹೊಸ ಗುಂಡಿ ಹಾಕ್ಕೊಂಡು ಬಂದಿದೀನಿ ಕೋಟಿಗೆ!" ಸಿಟ್ಟೋ ಅವಮಾನವೋ ಆರ್ಗಿರೊಗೇ ತಿಳಿಯಲಿಲ್ಲ. ಎದ್ದು ರೈಲು ಹತ್ತಿಬಿಡಬೇಕು ಅನ್ನಿಸಿತು. ಎದ್ದಳು ಕೂಡ. ಅವನು ಅವಳ ಕೋಟಿನ ತೋಳು ಹಿಡಿದುಕೊಂಡ.

"ನಾಳೆ ಒಂದು ದಿನ ಕಣ್ಣೇ. ಅವಳು ಪೆಟ್ಟಿಗೆ ಸೇರಿದ್ರೆ ಮುಗೀತು. ಭಾನುವಾರ ನಾನೇ ಪಾದ್ರಿ ಹತ್ರ ಮಾತಾಡ್ತೀನಿ. ನನ್ನ ತಾಯಾಣೆ."

ಎರಡು ವರ್ಷದಿಂದ ಕೇಳಬೇಕೆಂದಿದ್ದ ಮಾತು ಕೊನೆಗೆ ಹೀಗೆ, ಗೋರಿಗಳ ಬೇಲಿಗೆ ಬೆನ್ನು ಕೊಟ್ಟು ಬಂತು. ಬರಲಿ. ಐವತ್ತೊಂದರಲ್ಲಿ ಮಾತು ಬರುವ ಜಾಗವನ್ನು ಆರಿಸುತ್ತ ಕೂರಲಾಗುತ್ತದೆಯೇ? ಒಂದು ದಿನದ ಕೆಲಸ ತಾನೆ, ಮಾಡಿ ಮುಗಿಸೋಣ ಎಂದು ಆರ್ಗಿರೊ ಮನಸ್ಸು ಗಟ್ಟಿ ಮಾಡಿಕೊಂಡಳು. ಮತ್ತೆ ಕೂತಳು. ಅವತ್ತು ಸಂಜೆ ಇಬ್ಬರೂ ಪಾಲಕ್ ತುಂಬಿದ ಪಫ್ ತೆಗೆದುಕೊಂಡರು. ಒಬ್ಬರೂ ಮುಗಿಸಲಿಲ್ಲ.

ಮೂರನೆಯ ಬೆಳಿಗ್ಗೆ ಬಸ್ಸಿನಲ್ಲಿ ಹೋಗೋಣವೆಂದರೆ ಸ್ತಮಾತಿಸ್ ಕೇಳಲಿಲ್ಲ. ನಡೆದೇ ಹೋಗಬೇಕಂತೆ. ಊರಿನ ಪಶ್ಚಿಮದ ಆ ಸ್ಮಶಾನಕ್ಕೆ ಒಂದು ಗಂಟೆಗೂ ಮಿಕ್ಕಿದ ದಾರಿ. ಟೈರ್ ಅಂಗಡಿಗಳು, ಮುಚ್ಚಿದ ಕಾರ್ಖಾನೆಗಳು, ಫುಟ್‌ಪಾತಿನ ಮೇಲೆ ಉದುರಿ ಜಜ್ಜಿಹೋದ ಕಹಿ ಕಿತ್ತಳೆಗಳು. ಮೊದಲ ದಿನ ಇವಳನ್ನು ಎಳೆದುಕೊಂಡು ಓಡಿದವನು ಈಗ ಪ್ರತಿ ಸ್ಟಾಪಿನಲ್ಲೂ ನಿಲ್ಲುತ್ತಿದ್ದ. ಅಂಥೂಲಾಳ ಮಾತು ಅವನಾಗಿ ಎಂದೂ ಎತ್ತಿದವನಲ್ಲ. ಅವತ್ತು ಬಾಯಿ ಬಿಟ್ಟ.

"ಅವಳಿಗೆ ಇರುವೆ ಕಂಡ್ರೆ ಆಗ್ತಿರ್ಲಿಲ್ಲ" ಎಂದ. "ಹುಳ, ಇರುವೆ, ಏನ್ ಕಂಡ್ರೂ ಕುರ್ಚಿ ಹತ್ತಿ ನಿಲ್ಲೋಳು. ಆಸ್ಪತ್ರೇಲಿ ಕೊನೇ ವಾರ ಅದೇ ಮಾತು. ಮಣ್ಣಲ್ಲಿ ಹುಳ ಇರತ್ತೆ ಸ್ತಮಾತಿಸ್, ಮಣ್ಣಲ್ಲಿ ಹುಳ ಇರತ್ತೆ ಅಂತ."

"ಕಾಯಿಲೆಯವ್ರು ಏನೇನೋ ಅಂತಾರೆ" ಎಂದಳು ಆರ್ಗಿರೊ. ಬೇರೇನು ಹೇಳುತ್ತಾಳೆ?

"ಹೂಳೋ ದಿನ ಶವಪೆಟ್ಟಿಗೆ ಮುಚ್ಚೋ ಮುಂಚೆ ಎಲ್ಲರನ್ನೂ ಹೊರಗೆ ಕಳಿಸಿ ಅವಳ ಜೊತೆ ಒಬ್ಬನೇ ಕೂತಿದ್ದೆ. ಅರ್ಧ ಗಂಟೆ."

ಅವನು ಅಳುತ್ತಾನೆಂದುಕೊಂಡು ಅವಳು ಅವನ ಬೆನ್ನು ಸವರಿದಳು. ಅವನು ಅಳಲಿಲ್ಲ.

ಸ್ಮಶಾನದ ಗೇಟಿನ ಪಕ್ಕ ಹೂವಿನ ಅಂಗಡಿ. ಅಂಗಡಿಯ ಹೆಂಗಸು ಬಕೆಟ್ಟಿಗೆ ನೀರು ತುಂಬುತ್ತಿದ್ದಳು. ಸ್ತಮಾತಿಸ್ ಅಲ್ಲಿಯ ಬೆಂಚಿನ ಮೇಲೆ ಕುಸಿದ. ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು.

"ನನ್ನಿಂದಾಗಲ್ಲ. ನೀನೇ ಹೋಗ್ಬಾ."

"ನಾನಾ? ನಾನು ಯಾರು ಅಂತ ಹೋಗ್ಲಿ ಅಲ್ಲಿಗೆ?"

"ನಿನ್ ದಮ್ಮಯ್ಯ. ಕಾಗದ ಈ ಚೀಲದಲ್ಲಿದೆ, ತೋರ್ಸು. ನಿಂಗೆ ಅಭ್ಯಾಸ ಇದೆ, ನಿಮ್ಮಮ್ಮಂದು ಮಾಡಿದೀಯ. ಅವಳನ್ನ... ಮೆಲ್ಲಗೆ ತೊಳಿ."

ಹೋದಳು. ಬೈದುಕೊಳ್ಳುತ್ತಲೇ ಹೋದಳು. ಇವತ್ತು ಯಾರಾದರೂ ಒಳಗೆ ಹೋಗದಿದ್ದರೆ ಭಾನುವಾರ ಎಂಬುದು ಇಲ್ಲ ಎಂದು ಅವಳಿಗೆ ಗೊತ್ತಿತ್ತು.

ಗುಂಡಿ ಅಗೆಯುವ ಆಗಿಮ್ ಅಲ್ಬೇನಿಯಾದಿಂದ ಬಂದವನು. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಕಾಗದ ನೋಡಿ, ಸಿಗರೇಟು ಆರಿಸಿ ಕಿವಿಯ ಮೇಲಿಟ್ಟುಕೊಂಡು ಅಗೆಯತೊಡಗಿದ. ನಾಲ್ಕು ಗೋರಿಗಳಾಚೆ ಒಂದು ಕುಟುಂಬ ಆಗಲೇ ತಮ್ಮ ಮುದುಕನ ಎಲುಬುಗಳನ್ನು ತೊಳೆಯುತ್ತಿತ್ತು. ಒಬ್ಬಳು ತಲೆಬುರುಡೆಯನ್ನು ಎದೆಗೊತ್ತಿಕೊಂಡು, "ಬಂದ್ಯಾ ಅಪ್ಪಾ, ಎಷ್ಟು ದಿನ ಆಯ್ತು ನಿನ್ನ ನೋಡಿ" ಎಂದು ಮಾತಾಡಿಸುತ್ತಿದ್ದಳು. ಆರ್ಗಿರೊ ವೈನಿನ ಬಿರಡೆ ತೆಗೆದು, ಕೋಟು ಬಿಚ್ಚಿ, ತೋಳು ಮಡಚಿ ನಿಂತಳು. ಕಂಡರಿಯದ ಹೆಂಗಸನ್ನು ತನ್ನ ಕೈಯಾರೆ ತೊಳೆಯಬೇಕು. ಆದರೂ ಸಿಟ್ಟು ಇಳಿದಿತ್ತು. ಚೆನ್ನಾಗಿ ತೊಳೆಯುತ್ತೇನೆ, ಇವಳಿಗೂ ಋಣ ಹರಿಯಲಿ, ನನಗೂ ದಾರಿ ಸಿಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಕೊಳೆತ ಹಲಗೆಗಳನ್ನು ಎತ್ತಿ ಹಾಕಿದ ಮೇಲೆ ಗುದ್ದಲಿ ನಿಂತಿತು. ಆಗಿಮ್ ಬಗ್ಗಿ, ಕೈಯಿಂದ ಮಣ್ಣು ಸರಿಸಿ, ಹಾಗೇ ಕೂತ.

"ಅಮ್ಮಾ, ಸ್ವಲ್ಪ ಹಿಂದೆ ಹೋಗಿ."

"ಯಾಕೆ? ಕರಗಿಲ್ವಾ?"

"ಕರಗೋಕೆ ಬಿಟ್ಟಿಲ್ಲ ಇವ್ರನ್ನ. ಪ್ಲಾಸ್ಟಿಕ್ ಸುತ್ತಿದಾರೆ."

ಆರ್ಗಿರೊ ಹಿಂದೆ ಹೋಗಲಿಲ್ಲ. ಬಗ್ಗಿ ನೋಡಿದಳು. ತಲೆಯಿಂದ ಪಾದದವರೆಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಒಂದರ ಮೇಲೊಂದು ಸುತ್ತು, ಸುತ್ತಿಗೊಮ್ಮೆ ಅಗಲವಾದ ಅಂಟುಪಟ್ಟಿ. ಮಣ್ಣು ಒರೆಸಿದ ಕಡೆ ಒಳಗೆ ನೀಲಿ ಬಟ್ಟೆ ಕಂಡಿತು, ಕೂದಲು ಕಂಡಿತು, ಮೇಣದ ಬಣ್ಣಕ್ಕೆ ತಿರುಗಿದ ಮುಖವೂ ಕಂಡಿತು. ಅದು ಮುಖವೇ. ಮೂರು ವರ್ಷದ ನಂತರವೂ ಯಾರದೆಂದು ಹೇಳಬಹುದಾದ ಮುಖ.

"ಚಳಿಯಾಗತ್ತೆ ಅಂತ ಕಂಬಳಿ ಇಡೋರು ಇದಾರೆ, ಮಳೆ ಕೋಟು ಹಾಕಿ ಕಳಿಸೋರು ಇದಾರೆ" ಎಂದ ಆಗಿಮ್. "ಗೊತ್ತಿಲ್ದೆ ಮಾಡ್ತಾರೆ, ಪಾಪ. ಇದು ಗೊತ್ತಿಲ್ದೆ ಮಾಡಿದ್ದಲ್ಲ. ಇಷ್ಟು ಸುತ್ತೋಕೆ ಅರ್ಧ ಗಂಟೆ ಬೇಕು. ಮಣ್ಣು ಮುಟ್ಟಬಾರ್ದು ಅಂತಾನೇ ಸುತ್ತಿದಾರೆ."

ಅರ್ಧ ಗಂಟೆ. ಮೂರು ವರ್ಷ ಮುಗಿಯಲಿ, ಅವಳು ಮಣ್ಣಾಗಲಿ, ಆಮೇಲೆ ನಾನು ನಿನ್ನೋನು ಎಂದವನು, ಅವಳು ಮಣ್ಣಾಗದ ಹಾಗೆ ಮೊದಲೇ ಕಟ್ಟಿಟ್ಟು ಬಂದಿದ್ದ. ಕಟ್ಟುವಾಗ ನನ್ನ ಪರಿಚಯವಿರಲಿಲ್ಲ, ಸರಿ. ನನಗೆ ಮಾತು ಕೊಡುವಾಗ ಇದು ಗೊತ್ತಿತ್ತಲ್ಲ? ಇಲ್ಲ, ಮರುಳ, ದುಃಖದಲ್ಲಿ ಏನೋ ಮಾಡಿ ಮರೆತಿದ್ದಾನೆ, ನೆನಪಾಗಿ ಹೆದರಿ ಹೊರಗೆ ಕೂತಿದ್ದಾನೆ, ಸುದ್ದಿ ಕೇಳಿದರೆ ಎದೆ ಒಡೆದುಕೊಳ್ಳುತ್ತಾನೆ. ಹೀಗೆ ಅವಳೇ ಅವನ ಪರವಾಗಿ ತನ್ನ ಜೊತೆ ವಾದ ಮಾಡಿಕೊಂಡಳು.

"ಈಗೇನು ಮಾಡ್ತೀರಿ?"

"ಇದನ್ನ ಹರಿದು ತೆಗೆದು, ಆ ಕಡೆ ಜಾಗದಲ್ಲಿ ಮತ್ತೆ ಹೂಳ್ಬೇಕು. ಇನ್ನೂ ಎರಡು ಮೂರು ವರ್ಷ. ಹರಿಯೋಕೆ ಮನೆಯವ್ರು ಹೂಂ ಅನ್ಬೇಕು. ನೀವೇನಾಗ್ಬೇಕು ಇವ್ರಿಗೆ?"

ಆರ್ಗಿರೊ ಆ ಮುಖವನ್ನು ನೋಡಿದಳು. ಇರುವೆಗೆ ಹೆದರಿ ಕುರ್ಚಿ ಹತ್ತುತ್ತಿದ್ದ ಹೆಂಗಸು. ಶಾಂತಿ ಸಿಗಬೇಕಾದ ಹೊತ್ತಿನಲ್ಲಿ ಗಂಡನ ಕೈಯಿಂದಲೇ ಕಟ್ಟಿಸಿಕೊಂಡು ಮೂರು ವರ್ಷ ಹೀಗೆ ಬಿದ್ದಿದ್ದಾಳೆ. ಅವಳ ಮೇಲೆ ಇವಳಿಗೆ ಹೊಟ್ಟೆಕಿಚ್ಚು ಬರಲಿಲ್ಲ. ಕರುಳು ಕಿತ್ತು ಬಂತು.

"ತಂಗಿ" ಎಂದಳು. "ಹರಿದುಬಿಡಿ."

ಆಗಿಮ್ ಚಾಕು ತೆಗೆದ. ವಾಸನೆ ಎದ್ದು ನಾಲ್ಕು ಗೋರಿಯಾಚೆಯವರೂ ತಿರುಗಿ ನೋಡಿ ಶಿಲುಬೆಯ ಗುರುತು ಮಾಡಿಕೊಂಡರು. ಆರ್ಗಿರೊ ಮೂಗು ಮುಚ್ಚಿಕೊಳ್ಳಲಿಲ್ಲ. ಪೂರ್ತಿ ಬಿಡಿಸುವವರೆಗೂ ನಿಂತಿದ್ದು, ವೈನನ್ನು ಪಾದದಿಂದ ತಲೆಯವರೆಗೆ ಸುರಿದು, ಬಿಳಿ ಬಟ್ಟೆಯನ್ನು ತಾನೇ ಮುಖದ ಮೇಲೆ ಹೊದಿಸಿದಳು. "ಹೋಗ್ಬಿಡು ತಾಯಿ ಇನ್ನು" ಎಂದಳು. "ಅವನ ಮಾತು ಕೇಳ್ಬೇಡ." ಆಮೇಲೆ ನಲ್ಲಿಯ ಹತ್ತಿರ ಬಹಳ ಹೊತ್ತು ಕೈ ತೊಳೆದಳು.

ಗೇಟಿನ ಹೊರಗೆ ಸ್ತಮಾತಿಸ್ ಅದೇ ಬೆಂಚಿನ ಮೇಲೆ, ಮೊಣಕಾಲ ನಡುವೆ ಕೈ ಸಿಕ್ಕಿಸಿಕೊಂಡು ಕೂತಿದ್ದ. ಇವಳು ಎದುರಿಗೆ ಬಂದು ನಿಂತರೂ ತಲೆ ಎತ್ತಲಿಲ್ಲ.

"ಕರಗಿದ್ಲಾ?" ಎಂದ.

"ಇಲ್ಲ ಸ್ತಮಾತಿಸ್. ಕರಗಿಲ್ಲ."

ಈಗ ಅವನು ಅಯ್ಯೋ ಎನ್ನುತ್ತಾನೆ, ಎದೆ ಬಡಿದುಕೊಳ್ಳುತ್ತಾನೆ, ತಾನು ಹಿಡಿದುಕೊಳ್ಳಬೇಕು ಎಂದು ಅವಳು ಕೈ ಮುಂದೆ ಮಾಡಿದಳು. ಅವನು ತಲೆ ಎತ್ತಿದ. ಮುಖಕ್ಕೆ ರಕ್ತ ಬಂದಿತ್ತು. ಕಣ್ಣು ತುಂಬಿತ್ತು. ತುಟಿ ಅದುರುತ್ತ ಅದುರುತ್ತ ನಗುವಾಯಿತು. ಈ ಮೂರು ದಿನದಲ್ಲಿ, ಈ ಎರಡು ವರ್ಷದಲ್ಲಿ ಆ ಮುಖದಲ್ಲಿ ಇಂಥ ಸಂತೋಷವನ್ನು ಆರ್ಗಿರೊ ಒಮ್ಮೆಯೂ ಕಂಡಿರಲಿಲ್ಲ.

"ಒಂಚೂರೂ? ಮುಖ? ಮುಖ ಹಾಗೇ ಇದೆಯಾ?"

ಕೇಳುತ್ತಲೇ ಎದ್ದ. ಜನವರಿಯಿಂದ ಈ ಗೇಟಿನೊಳಗೆ ಕಾಲಿಡಲಾಗದವನು, ಅಂಗಿಯ ಕಾಲರು ಸರಿಮಾಡಿಕೊಂಡು, ಅಂಗೈಗೆ ಉಗುಳು ಸವರಿ ಕೂದಲು ತೀಡಿಕೊಂಡು, ಗೇಟಿನ ಕಡೆಗೆ ಓಡುವವನ ಹಾಗೆ ಹೊರಟ.

"ಪ್ಲಾಸ್ಟಿಕ್ ಹರಿಸಿದೆ" ಎಂದಳು ಆರ್ಗಿರೊ.

ಅವನು ನಿಂತ.

"ಪೂರ್ತಿ ತೆಗೆಸಿದೆ. ಮಣ್ಣಿಗೆ ಹಾಕ್ತಿದಾರೆ ಈಗ. ಇನ್ನು ಕರಗ್ತಾಳೆ."

ಸ್ತಮಾತಿಸ್ ತಿರುಗಿ ನೋಡಿದ. ಆ ನೋಟಕ್ಕೆ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಕೊಂದುಬಿಟ್ಯಲ್ಲೇ" ಎಂದ. "ಕೊಂದುಬಿಟ್ಯಲ್ಲೇ ಅವಳನ್ನ."

ಆಮೇಲೆ ಅವಳನ್ನು ಬಿಟ್ಟು, "ನಿಲ್ಸಿ, ನಿಲ್ಸಿ!" ಎಂದು ಕೂಗುತ್ತ ಗೋರಿಗಳ ನಡುವೆ ಓಡಿದ. ಅವನ ಕೂಗು ಬಹಳ ಹೊತ್ತು ಕೇಳಿಸಿತು.

ಹೂವಿನ ಅಂಗಡಿಯ ಹೆಂಗಸು ಬಕೆಟ್ಟು ಕೆಳಗಿಟ್ಟು ಬಂದು ಆರ್ಗಿರೊಳ ಭುಜ ಮುಟ್ಟಿದಳು. "ಕೂತ್ಕೊಳ್ಳಿ ಅಕ್ಕಾ. ನಿಮ್ಮೋರು ಒಳಗಿಂದ ಬರೋವರೆಗೂ ಇಲ್ಲೇ ಕೂತಿರಿ, ಪರವಾಗಿಲ್ಲ."

"ಒಳಗೆ ನಮ್ಮೋರು ಯಾರೂ ಇಲ್ಲ" ಎಂದು ಆರ್ಗಿರೊ ಕೋಟು ಹಾಕಿಕೊಂಡು, ಗುಂಡಿಗಳನ್ನು ಒಂದೊಂದಾಗಿ ಹಾಕಿ, ರೈಲು ನಿಲ್ದಾಣಕ್ಕೆ ಯಾವ ಬಸ್ಸು ಹೋಗುತ್ತದೆ ಎಂದು ಕೇಳಿದಳು.